ಕಪ್ಪಾಗಿಹೋದ ಫ್ಯಾಕ್ಸು

ಮಂಗಳವಾರ ಮಧ್ಯಾಹ್ನ ನಾನು ಅಂಗಡಿಗೆ ಮರಳಿದಾಗ ಅಕ್ಕ ಕೌಂಟರಿನ ಹಿಂದೆ ಎದ್ದು ನಿಂತಿದ್ದಳು. ಗಿರಾಕಿ ಇಲ್ಲದಾಗ ಅಕ್ಕ ಎದ್ದು ನಿಲ್ಲುವವಳಲ್ಲ. ಅವಳ ಕೈಯಲ್ಲಿ ಒಂದು ಹಾಳೆಯಿತ್ತು. ಎರಡೂ ಬದಿಗೆ ಹೊಳೆಯುವ ಪ್ಲಾಸ್ಟಿಕ್ಕು, ನಾಲ್ಕೂ ಮೂಲೆ ಗುಂಡಗೆ ಕತ್ತರಿಸಿ ನೀಟಾಗಿತ್ತು. ಹಾಳೆ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಕಡುಕಪ್ಪು.

ಇದೇನು ಎಂದು ಕೇಳಿದೆ.

"ನಿನ್ನ ಆಸ್ಪತ್ರೆ ಕಾಗದ ಕಣೋ," ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಂದರೆ ಜೋಪಾನ ಅಂತ ನೀನೇ ಅಂದಿದ್ದೆ ಅಲ್ವಾ ಬೆಳಿಗ್ಗೆ? ಬೇಗ ಮಾಸಿಹೋಗುತ್ತೆ ಅಂದಿದ್ದೆ. ಅದಕ್ಕೇ ಲ್ಯಾಮಿನೇಷನ್ ಮಾಡಿದೆ. ಒಳಗೆ ಹೋಗುವಾಗ ಬೆಳ್ಳಗಿತ್ತು. ಈಚೆ ಬಂದಾಗ ಹೀಗಿತ್ತು."

ನಾನು ಸ್ಟೂಲಿನ ಮೇಲೆ ಕೂತೆ. ಇಡೀ ಆಯುಸ್ಸಿನಲ್ಲಿ ನಾನು ಒಬ್ಬರಿಗೆ ಒಂದೇ ಒಂದು ಮುಖ್ಯ ಪ್ರಶ್ನೆ ಕೇಳಿದ್ದೆ. ಅದರ ಉತ್ತರ ಆ ಕಪ್ಪಿನೊಳಗೆ ಎಲ್ಲೋ ಇತ್ತು.

ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮದು ಒಂದೇ ಅಂಗಡಿ, ಎರಡು ಕಸುಬು. ಮುಂದುಗಡೆ ಅಕ್ಕನ ಜೆರಾಕ್ಸ್ ಕೌಂಟರು, ಹಿಂದುಗಡೆ ಪರದೆಯಾಚೆ ನನ್ನ ರಿಪೇರಿ ಮೇಜು. ಮೇಜಿನ ತುಂಬ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಟೈಪ್‌ರೈಟರುಗಳು, ಟೇಪು ನುಂಗಿ ಸುಮ್ಮನಾದ ವಿಸಿಆರ್‌ಗಳು, ಕಿರ್ರೆಂದು ಊರಿಗೆಲ್ಲ ಕೇಳುವಂತೆ ಕಿರುಚುವ ಪ್ರಿಂಟರುಗಳು. ಒಂದು ಕಾಲಕ್ಕೆ ಇವನ್ನು ರಿಪೇರಿ ಮಾಡಿಸಲು ಜನ ಸಾಲು ನಿಲ್ಲುತ್ತಿದ್ದರು. ಆ ಹೊತ್ತಿಗೆ ರಿಪೇರಿಗಿಂತ ಬಿಚ್ಚಿ ಒಯ್ಯಲು ಕರೆಯುವವರೇ ಹೆಚ್ಚಾಗಿದ್ದರು. ಹದಿನೈದು ವರ್ಷ ಕೈ ಮಸಿ ಮಾಡಿಕೊಂಡು ಬದುಕಿಸಿದ ಮೆಷಿನ್ನನ್ನು ಗೋಣಿಚೀಲಕ್ಕೆ ತುಂಬುವಾಗ ಆಗುವ ಸಂಕಟ ಆ ಕಸುಬಿನವರಿಗೇ ಗೊತ್ತು.

ಅಕ್ಕನ ಕೌಂಟರಿಗೆ ಒಂದು ನಿಯಮವಿತ್ತು. ಗಿರಾಕಿಯ ಕಾಗದ ಓದಬಾರದು. ಜನರ ಮಾರ್ಕ್ಸ್ ಕಾರ್ಡು, ಕೋರ್ಟ್ ಕಾಗದ, ರಕ್ತಪರೀಕ್ಷೆಯ ರಿಪೋರ್ಟು, ಬಿಟ್ಟುಹೋದ ಗಂಡಂದಿರ ಮೇಲಿನ ಅರ್ಜಿ, ಎಲ್ಲವೂ ಅವಳ ಕೈ ಮೇಲೆ ಹಾದುಹೋಗಿದ್ದವು. ಒಂದರಲ್ಲೂ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಾಳೆ ಕೈಗೆ ಬಂದರೆ ಅವಳ ಕಣ್ಣು ಅಂಚು ನೋಡುತ್ತದೆ, ಅಕ್ಷರ ನೋಡುವುದಿಲ್ಲ. ಅದು ನನಗೆ ದೊಡ್ಡ ಹೆಮ್ಮೆಯಾಗಿತ್ತು, ಆ ಮಂಗಳವಾರದವರೆಗೆ.

ಫ್ಯಾಕ್ಸಿನ ರೋಲ್ ಕಾಗದಕ್ಕೆ ಶಾಯಿ ಬೇಕಿಲ್ಲ, ಬಿಸಿ ತಾಗಿದ ಕಡೆ ತಾನೇ ಕಪ್ಪಾಗುತ್ತದೆ. ಅದು ನನಗೆ ಗೊತ್ತಿತ್ತು. ಎರಡು ವಾರದ ಹಿಂದೆ ಬಿಸಿಯಲ್ಲಿ ಪ್ಲಾಸ್ಟಿಕ್ ಅಂಟಿಸುವ ಲ್ಯಾಮಿನೇಷನ್ ಮೆಷಿನ್ ತಂದ ಅಕ್ಕನಿಗೆ ಗೊತ್ತಿರಲಿಲ್ಲ. ಆ ಮೆಷಿನ್ ಬಂದಾಗಿನಿಂದ ಅವಳು ಮುಖ್ಯವೆನಿಸಿದ್ದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸುತ್ತಿದ್ದಳು, ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿಯನ್ನೂ ಬಿಟ್ಟಿರಲಿಲ್ಲ. ಜೋಪಾನ ಎಂದು ಹೇಳಿ ಹೊರಗೆ ಹೋದವನು ನಾನು. ಹೇಗೆ ಎಂದು ಹೇಳಿರಲಿಲ್ಲ. ಯಾರನ್ನು ಬೈಯಲಿ?

ಕಾಗದ ಬಂದದ್ದು ಕಣ್ಣಾಸ್ಪತ್ರೆಯಿಂದ. ಬರೆದವರು ಅಲ್ಲಿನ ರೆಕಾರ್ಡ್ ರೂಮ್ ಮೇಡಂ.

ಆ ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಸೀಲಿಂಗಿನವರೆಗೆ ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ಸಾವಿರಾರು ಜನರ ಕಣ್ಣಿನ ಚರಿತ್ರೆ. ನಡುವೆ ಒಂದು ಮೇಜು, ಮೇಜಿನ ಮೇಲೆ ಹಳೆಯ ಫ್ಯಾಕ್ಸ್ ಮೆಷಿನ್ನು, ಅದರ ಪಕ್ಕ ಅವರು. ಬೇರೆ ಆಸ್ಪತ್ರೆಗಳ ರಿಪೋರ್ಟು ಫ್ಯಾಕ್ಸಿನಲ್ಲೇ ಬರಬೇಕು, ಇದು ಅಲ್ಲಿಯ ದೊಡ್ಡ ಡಾಕ್ಟರ ಹಟ. ಆ ಹಟದಿಂದ ನಾನು ಮೂರು ವರ್ಷ ಬದುಕಿದೆ ಎಂದರೆ ತಪ್ಪಲ್ಲ.

ಮೊದಲ ದಿನ ನಾನು ಬಾಗಿಲಲ್ಲಿ ನಿಂತು ಮೂರು ಸಲ ಕರೆದೆ. ಅವರು ತಲೆ ಎತ್ತಲಿಲ್ಲ. ಎಂಥಾ ಗತ್ತು ಎಂದುಕೊಂಡೆ. ನಾಲ್ಕನೇ ಸಲ ಸಿಟ್ಟಿನಿಂದ ಮೇಜನ್ನು ಸುತ್ತಿ ಬಲಗಡೆಗೆ ಹೋಗಿ ನಿಂತು ಕರೆದಾಗ ಬೆಚ್ಚಿಬಿದ್ದು ಪೆನ್ನು ಕೆಳಗೆ ಹಾಕಿದರು. "ಎಷ್ಟೊತ್ತಾಯ್ತು ಬಂದು?" ಎಂದು ಕೇಳಿ, ನನ್ನ ತುಟಿಯನ್ನೇ ನೋಡುತ್ತ ಉತ್ತರಕ್ಕೆ ಕಾದರು. ನನ್ನ ತುಟಿಯನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಈಗ ತಾನೇ ಬಂದೆ ಎಂದು ಸುಳ್ಳು ಹೇಳಿದೆ.

ಅವರ ಎಡಗಿವಿ ಕೇಳಿಸುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಹೋದಾಗಲೆಲ್ಲ ಬಲಗಡೆಯೇ ನಿಂತೆ.

ಮುಂದಿನ ತಿಂಗಳು ಹೋದಾಗ ಮೆಟ್ಟಿಲ ಮೇಲೆ ದೊಡ್ಡ ಡಾಕ್ಟರ ಬೈಗುಳ ಕೇಳಿಸಿತು. ರಿಪೋರ್ಟು ಬಂದು ಅರ್ಧ ಗಂಟೆಯಾದರೂ ಮೇಡಂ ಎತ್ತಿಕೊಂಡಿಲ್ಲ, ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಎಂದು. ಮೆಷಿನ್ನಿನ ಗಂಟೆ ಇದ್ದದ್ದು ಅವರ ಎಡಗಡೆ. ನಾನು ಮರುದಿನವೇ ಒಂದು ಹಾಳಾದ ರೇಡಿಯೋದಿಂದ ಕೆಂಪು ಬಲ್ಬನ್ನು ಕಿತ್ತು ತಂದು, ಗಂಟೆಯ ತಂತಿಗೆ ಸೇರಿಸಿ, ಮೆಷಿನ್ನಿನ ನೆತ್ತಿಯ ಮೇಲೆ ಕೂರಿಸಿದೆ. ಫ್ಯಾಕ್ಸು ಬಂದರೆ ಬಲ್ಬು ಹತ್ತುತ್ತದೆ. ಕಂಪನಿಯವರು ಈಗ ಎಲ್ಲ ಮೆಷಿನ್ನಿಗೂ ಇದನ್ನು ಹಾಕ್ತಿದ್ದಾರೆ ಮೇಡಂ ಎಂದೆ. ಅವರು ಬಲ್ಬನ್ನು ನೋಡಿದರು, ನನ್ನನ್ನು ನೋಡಿದರು, "ಹೌದಾ," ಎಂದರು.

ಸರ್ವಿಸ್ ಮುಗಿದ ಮೇಲೆ ಅಂಗಡಿಗೆ ಬಂದು ಒಂದು ಪರೀಕ್ಷಾ ಪುಟ ಕಳಿಸುವುದು ನಮ್ಮ ಪದ್ಧತಿ. ಕಪ್ಪು ಗೆರೆ, ಬೂದು ಚೌಕ, ದೊಡ್ಡಕ್ಷರ, ಸಣ್ಣಕ್ಷರ, ಕೊನೆಗೆ ಕೈಬರಹದಲ್ಲಿ ಒಂದು ಸಾಲು. ಆ ಕಡೆಯವರು ಅದೇ ಪುಟದ ಕೆಳಗೆ ಒಂದು ಸಾಲು ಬರೆದು ವಾಪಸು ಕಳಿಸುತ್ತಾರೆ. ಹೋಗುವುದೂ ಬರುವುದೂ ಎರಡೂ ಸರಿಯಿದೆ ಎಂದರೆ ಕೆಲಸ ಮುಗಿಯಿತು.

ಮೊದಲ ಸಲ ನಾನು ಬರೆದದ್ದು: "ಅಕ್ಷರ ಸ್ಪಷ್ಟವಾಗಿ ಬಂದಿದೆಯೇ?"

ಉತ್ತರ ಬಂತು: "ಮೆಷಿನ್ ಸರಿಯಾಗಿದೆ. ನಿಮ್ಮ ಅಕ್ಷರ ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?"

ನಾನು ಒಂದು ತಿಂಗಳು ಕಾಪಿ ಪುಸ್ತಕ ಇಟ್ಟುಕೊಂಡು ಅಕ್ಷರ ತಿದ್ದಿದೆ. ಅಕ್ಕ ನೋಡಿ, ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಕಟ್ಟಿದ್ದೀಯ ಎಂದು ಕೇಳಿದಳು. ಎರಡನೇ ಪುಟದಲ್ಲಿ "ಈಗ?" ಎಂದು ಬರೆದೆ. "ನಾಲ್ಕನೇ ಕ್ಲಾಸಿಗೆ ಪಾಸು," ಎಂದು ಬಂತು.

ಹಾಗೆ ಮೂರು ವರ್ಷ ನಡೆಯಿತು. ತಿಂಗಳಿಗೆ ಒಂದು ಸಲ ಸಾಕಾಗಿದ್ದ ಸರ್ವಿಸ್ಸು ಎರಡು ಸಲ ಆಯಿತು. ಅವರಿಗೆ ಕೆಮ್ಮು ಬಂದಾಗ ಕೆಮ್ಮು ಹೇಗಿದೆ ಎಂದು ಬರೆದೆ. "ಕೆಮ್ಮು ಹೋಯಿತು, ನಿಮ್ಮ ಸ್ಕ್ರೂಡ್ರೈವರ್ ಇಲ್ಲೇ ಇದೆ, ಅದು ಮರೆತು ಹೋದದ್ದಾ, ಬಿಟ್ಟು ಹೋದದ್ದಾ?" ಎಂದು ಕೇಳಿದರು. ಎದುರಿಗೆ ಸಿಕ್ಕರೆ ಇಬ್ಬರ ಬಾಯಿಗೂ ಬೀಗ. ರೋಲ್ ಖಾಲಿಯಾಗಿದೆ, ಅಚ್ಚೊತ್ತುವ ಹೆಡ್ ಸವೆದಿದೆ, ಅಷ್ಟೇ. ನಾನು ಮೆಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡಿರುವಾಗ ಅವರು ಫೈಲಿನ ಮೇಲಿಂದ ಒಮ್ಮೆ ನೋಡುತ್ತಿದ್ದರು, ನಾನು ತಲೆ ಎತ್ತಿದರೆ ಫೈಲು ಮೇಲಕ್ಕೆ ಹೋಗುತ್ತಿತ್ತು. ಒಂದು ಸಲ ಆ ಫೈಲನ್ನು ತಲೆಕೆಳಗಾಗಿ ಹಿಡಿದಿದ್ದರು. ನಾನು ಹೇಳಲಿಲ್ಲ, ಆದರೆ ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವರ ಪುಟಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿಟ್ಟಿದ್ದೆ. ಮೊದಲ ವರ್ಷದವು ಆಗಲೇ ಮಾಸಿ ಬಿಳಿಯಾಗಿದ್ದವು. ಬಾಯಿಪಾಠವಾಗಿದ್ದರಿಂದ ನಷ್ಟವೇನೂ ಆಗಲಿಲ್ಲ.

ಆಮೇಲೆ ದೊಡ್ಡ ಡಾಕ್ಟರು ನಿವೃತ್ತರಾದರು. ಹೊಸಬರು ಕಂಪ್ಯೂಟರು ತರಿಸಿದರು. ಶನಿವಾರ ಬಂದು ಫ್ಯಾಕ್ಸ್ ಮೆಷಿನ್ ಬಿಚ್ಚಿಕೊಂಡು ಹೋಗಿ ಎಂದು ನನಗೆ ಫೋನು ಬಂತು. ಸೋಮವಾರ ಕೊನೆಯ ಪರೀಕ್ಷಾ ಪುಟ ಕಳಿಸಿದೆ. ಸರ್ವಿಸ್ಸೇ ಇರಲಿಲ್ಲ, ಪುಟ ಮಾತ್ರ. ಮೂರು ಗಂಟೆ ಮೀನಮೇಷ ಎಣಿಸಿ ಬರೆದೆ:

"ಶನಿವಾರ ಮೆಷಿನ್ ಹೋಗುತ್ತದೆ. ಆಮೇಲೆ ನಾನು ಯಾವ ನೆಪ ಹೇಳಿಕೊಂಡು ಬರಲಿ? ನೆಪವೇ ಇಲ್ಲದೆ, ನಿಮ್ಮ ಮನೆಯವನಾಗಿ ಬರುವುದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?"

ಆ ದಿನ ಉತ್ತರ ಬರಲಿಲ್ಲ. ಮಂಗಳವಾರ ನಾನು ಹೊರಗಿದ್ದಾಗ ಬಂತು. ಬಂದದ್ದು ಹೀಗೆ.

ಅಕ್ಕನಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳು ತಲೆ ಮೇಲೆ ಕೈ ಹೊತ್ತು ಕೂತಳು. ಒಂದಕ್ಷರವಾದರೂ ಕಣ್ಣಿಗೆ ಬೀಳಲಿಲ್ಲವಾ ಎಂದು ಕೇಳಿದೆ. ಬರಹ ಮೇಲಿಂದ ಕೆಳಗಿನವರೆಗೆ ತುಂಬಿತ್ತು, ಒಂದು ಕಡೆ ಎರಡು ಸಲ ಅಡಿಗೆರೆ ಎಳೆದಿತ್ತು, ಅಷ್ಟೇ ನೆನಪು ಎಂದಳು.

ನಮ್ಮ ಅಂಗಡಿಯ ಫ್ಯಾಕ್ಸ್ ಮೆಷಿನ್ನಿನಿಂದ, ಬಂದ ಪುಟಗಳ ಪಟ್ಟಿ ತೆಗೆದೆ. ಹನ್ನೊಂದು ನಲವತ್ತೆರಡಕ್ಕೆ ಬಂದದ್ದು, ಒಂದು ಪುಟ, ಒಂದು ನಿಮಿಷ ಐವತ್ತೆಂಟು ಸೆಕೆಂಡ್. ಹಾಳೆಯಲ್ಲಿ ಬರಹ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ಒಂದು ಸಾಲಿದ್ದರೆ ಮೂವತ್ತು ಸೆಕೆಂಡು ಸಾಕು.

"ಇಷ್ಟುದ್ದ ಬರೆದಿದ್ದಾರೆ ಅಂದ್ರೆ ಮನಸ್ಸಿದೆ ಅಕ್ಕ," ಎಂದೆ.

ಅಕ್ಕ ಯೋಚಿಸಿದಳು. "ಹೂಂ ಅನ್ನೋಕೆ ಎರಡು ನಿಮಿಷ ಯಾಕೋ ಬೇಕು? ಒಲ್ಲೆ ಅನ್ನೋರೇ ಉದ್ದ ಬರೀತಾರೆ. ನೀವು ಒಳ್ಳೆಯವರು, ಆದರೆ, ಅಂತ."

ಆ 'ಆದರೆ' ಕೇಳಿ ನಾನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ಹೋಗಿ ಕೇಳು ಎಂದು ಅಕ್ಕ ಬುಧವಾರವೆಲ್ಲ ಬೆನ್ನು ಹತ್ತಿದಳು. ಹೇಗೆ ಕೇಳಲಿ? ಉತ್ತರ ಬೇಡ ಎಂದಿದ್ದರೆ, ಅದನ್ನು ಅವರ ಬಾಯಿಂದ ಎರಡನೇ ಸಲ ಹೇಳಿಸಬೇಕು. ಒಪ್ಪಿಗೆ ಎಂದಿದ್ದರೆ, ಅಷ್ಟು ಕಷ್ಟಪಟ್ಟು ಬರೆದದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುಟ್ಟು ಕೂತಿದ್ದೇನೆ ಎಂದು ಹೇಳಬೇಕು, ಅದೂ ಫ್ಯಾಕ್ಸ್ ಮೆಕ್ಯಾನಿಕ್ಕು. "ಪುಟ ಸರಿಯಾಗಿ ಬಂದಿಲ್ಲ, ಮತ್ತೆ ಕಳಿಸಿ" ಎಂಬುದು ನಮ್ಮ ಕಸುಬಿನಲ್ಲಿ ದಿನಕ್ಕೆ ಹತ್ತು ಸಲ ಬರೆಯುವ ಸಾಲು. ಅದನ್ನು ಮೂರು ಸಲ ಬರೆದೆ, ಮೂರು ಸಲವೂ ಹರಿದೆ.

ಗುರುವಾರ ತಡೆಯಲಾಗಲಿಲ್ಲ. ಒಂದು ಕೈ ನೋಡಿಯೇಬಿಡೋಣ ಎಂದು ಕೆಲಸದ ಚೀಲವನ್ನೂ ತೆಗೆದುಕೊಳ್ಳದೆ ಬರಿಗೈಯಲ್ಲಿ ಹೊರಟೆ. ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ನನ ಪುಸ್ತಕ. ಹೆಸರು ಬರೆದೆ, ಸಮಯ ಬರೆದೆ. ಮೂರನೆಯದು ಬಂದ ಕಾರಣ. ಮೂರು ವರ್ಷದಿಂದ ಅಲ್ಲಿ ಕಣ್ಣು ಮುಚ್ಚಿಕೊಂಡು "ಫ್ಯಾಕ್ಸ್ ಸರ್ವಿಸ್" ಎಂದು ಬರೆಯುತ್ತಿದ್ದ ಕೈ ಅವತ್ತು ನಿಂತುಬಿಟ್ಟಿತು. ಮೆಷಿನ್ನಿಗೆ ಏನೂ ಆಗಿರಲಿಲ್ಲ. ಏನೆಂದು ಬರೆಯಲಿ?

"ಬೇಗ ಬರೀರಿ ಸಾರ್, ಹಿಂದೆ ಜನ ನಿಂತಿದ್ದಾರೆ," ಎಂದ ವಾಚ್‌ಮನ್.

ನಾನು ಪೆನ್ನು ಇಟ್ಟು ಬಂದ ದಾರಿಯಲ್ಲೇ ವಾಪಸಾದೆ. ಎದುರಿನ ಬಸ್‌ಸ್ಟಾಪಿನಲ್ಲಿ ಒಂದು ಗಂಟೆ ಕೂತಿದ್ದೆ. ನೆಲಮಾಳಿಗೆಯ ಕಿಟಕಿ ಅಲ್ಲಿಗೆ ಕಾಣುವುದಿಲ್ಲ. ನನ್ನ ಹೇಡಿತನಕ್ಕೆ ನನಗೇ ನಾಚಿಕೆಯಾಯಿತು. ಶುಕ್ರವಾರ ಅಕ್ಕ ನನ್ನ ಜೊತೆ ಮಾತೇ ಆಡಲಿಲ್ಲ.

ಶನಿವಾರ ಮೂರು ಗಂಟೆಗೆ ಕೆಲಸದ ಚೀಲ ಹೆಗಲಿಗೇರಿಸಿ, ಕಪ್ಪು ಹಾಳೆಯನ್ನು ಅದರೊಳಗಿಟ್ಟು ಮೆಟ್ಟಿಲಿಳಿದೆ. ಮೇಜಿನ ಮೇಲೆ ಹೊಸ ಕಂಪ್ಯೂಟರು ಬಂದು ಕೂತಿತ್ತು, ಫ್ಯಾಕ್ಸ್ ಮೆಷಿನ್ನನ್ನು ಮೂಲೆಯ ಸ್ಟೂಲಿಗೆ ಸರಿಸಿದ್ದರು. ತಂತಿಗಳು ಇನ್ನೂ ಇದ್ದವು. ಮೇಡಂ ನನ್ನ ತುಟಿ ನೋಡಲಿಲ್ಲ, ಚೀಲ ನೋಡಿದರು.

"ಶನಿವಾರ ಬಂದಿದ್ದೀರಿ," ಎಂದರು. "ಸರಿ. ಬೇಸರ ಏನಿಲ್ಲ. ಇಲ್ಲೊಂದು ಸಹಿ ಮಾಡಿ, ಮೆಷಿನ್ ತಗೊಂಡು ಹೋಗಬಹುದು."

ಶನಿವಾರ ಬನ್ನಿ ಎಂದು ಆಸ್ಪತ್ರೆಯವರೇ ಕರೆದಿರುವಾಗ ಅದರಲ್ಲಿ ಬೇಸರದ ಮಾತೇಕೆ ಬಂತು ಎಂದು ನನಗೆ ಅರ್ಥವಾಗಲಿಲ್ಲ. ಆದರೆ ಆ ದನಿಯಲ್ಲಿ ಬೇಸರವಿಲ್ಲದ ಜಾಗವೇ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವರು ನಿದ್ದೆ ಮಾಡಿರಲಿಲ್ಲ ಎಂದು ಕಂಡ ಕೂಡಲೇ ನನ್ನ ಹೆದರಿಕೆಯೆಲ್ಲ ಬಿಟ್ಟುಹೋಯಿತು. ಕಪ್ಪು ಹಾಳೆ ತೆಗೆದು ಅವರ ಮುಂದಿಟ್ಟೆ.

"ಏನಿದು?"

"ನಿಮ್ಮ ಉತ್ತರ."

ಅವರು ಅದನ್ನು ತಿರುಗಿಸಿ ನೋಡಿದರು, ದೀಪಕ್ಕೆ ಹಿಡಿದು ನೋಡಿದರು, ಉಗುರಿನಿಂದ ಗೀರಿ ನೋಡಿದರು. ನಾನು ಬಲಗಡೆ ನಿಂತು ಎಲ್ಲವನ್ನೂ ಹೇಳಿದೆ. ಮಾಸಿಹೋದ ಹಳೇ ಪುಟಗಳು, ಜೋಪಾನ ಎಂದದ್ದು, ಅಕ್ಕನ ಹೊಸ ಮೆಷಿನ್ನು, ಓದಬಾರದೆಂಬ ನಿಯಮ. ಒಂದು ನಿಮಿಷ ಐವತ್ತೆಂಟು ಸೆಕೆಂಡಿನ ಮೇಲೆ ನಾನೂ ಅಕ್ಕನೂ ವಾದ ಮಾಡಿದ್ದನ್ನೂ ಬಿಡಲಿಲ್ಲ.

"ಅಂದ್ರೆ ನೀವು ಓದೇ ಇಲ್ಲ."

"ಒಂದಕ್ಷರಾನೂ ಇಲ್ಲ."

ಅವರು ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಾನು ಚೀಲ ಹಿಡಿದು ನಿಂತೆ. ಆಮೇಲೆ ಎದ್ದು, ರ‍್ಯಾಕಿನಿಂದ ಬೇರೆಯವರಿಗೆ ಕಳಿಸಿದ ಕಾಗದಗಳ ಫೈಲು ತೆಗೆದು, ಕೊನೆಯ ಹಾಳೆಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಕಳಿಸಿದ ಕಾಗದದ ಮೂಲ ಪ್ರತಿ ಯಾವುದನ್ನೂ ಎಸೆಯುವುದಿಲ್ಲ ಎಂದರು. ನನ್ನ ಕಡೆ ಬೆನ್ನು ಮಾಡಿ ರ‍್ಯಾಕಿನ ಫೈಲುಗಳನ್ನು ಸರಿಮಾಡುತ್ತ ನಿಂತರು. ಅವೆಲ್ಲ ಮೊದಲೇ ಸರಿಯಾಗಿದ್ದವು.

ನಾನು ಓದಿದೆ.

"ನೀವು ಕೇಳಿದ್ದಕ್ಕೆ ಒಂದು ಸಾಲಿನಲ್ಲಿ ಉತ್ತರ ಬರೆಯಲು ನನಗೆ ಆಗುವುದಿಲ್ಲ. ಈ ಮೆಷಿನ್ನಿನ ಪುಸ್ತಕ ನನ್ನ ಹತ್ತಿರವೇ ಇದೆ. ಅದರಲ್ಲಿ ಕೆಂಪು ಬಲ್ಬಿನ ಚಿತ್ರ ಎಲ್ಲೂ ಇಲ್ಲ. ಅದನ್ನು ಯಾರು ಹಾಕಿದರು, ಯಾಕೆ ಹಾಕಿದರು ಎಂದು ನನಗೆ ಮೊದಲ ವಾರವೇ ತಿಳಿಯಿತು. ನನ್ನ ಎಡಗಿವಿಯ ವಿಷಯ ನಿಮಗೆ ಗೊತ್ತು. ಗೊತ್ತಿದ್ದೂ ಒಂದು ದಿನ ಕೇಳಲಿಲ್ಲ. ನಿಮ್ಮ ಅಕ್ಷರ ಅಷ್ಟು ಕೆಟ್ಟದಾಗಿದ್ದರೂ ನಾನು ಕಾಯುತ್ತಿದ್ದದ್ದು ಅದಕ್ಕೇ. ನಿಮಗೆ ಗೊತ್ತಿಲ್ಲದ್ದು ಬಲಗಿವಿ. ಅದೂ ಹೋಗುತ್ತಿದೆ. ಐದು ವರ್ಷ, ಹೆಚ್ಚೆಂದರೆ ಎಂಟು ಎಂದಿದ್ದಾರೆ. ಆಮೇಲೆ ನೀವು 'ಏನೇ' ಎಂದು ಕರೆದರೂ ಕೇಳಿಸುವುದಿಲ್ಲ, ಜಗಳವಾಡಿದರೂ ಕೇಳಿಸುವುದಿಲ್ಲ. ಇದನ್ನು ಓದಿದ ಮೇಲೂ ಬರಬೇಕು ಎನಿಸಿದರೆ ಶನಿವಾರಕ್ಕೆ ಮುಂಚೆ ಬನ್ನಿ, ಯಾವ ನೆಪವೂ ಬೇಡ. ಶನಿವಾರವೇ ಬಂದರೆ ಮೆಷಿನ್ ಬಿಚ್ಚಲು ಬಂದಿರಿ ಎಂದು ತಿಳಿಯುತ್ತೇನೆ. ಬೇಸರ ಮಾಡಿಕೊಳ್ಳುವುದಿಲ್ಲ."

'ಶನಿವಾರಕ್ಕೆ ಮುಂಚೆ' ಎಂಬಲ್ಲಿ ಎರಡು ಅಡಿಗೆರೆ.

ನಾಲ್ಕು ದಿನ. ನಾಲ್ಕು ದಿನ ಅವರು ಈ ನೆಲಮಾಳಿಗೆಯಲ್ಲಿ ಮೆಟ್ಟಿಲ ಕಡೆ ನೋಡುತ್ತ ಕೂತಿದ್ದರು. ಬಲಗಿವಿಯ ವಿಷಯ ತಿಳಿದ ಮೇಲೆ ಇವನೂ ಹಿಂದೆ ಸರಿದ ಎಂದುಕೊಂಡು, ಬೇಸರವಿಲ್ಲ ಎಂಬ ಮಾತನ್ನು ರೂಢಿ ಮಾಡಿಕೊಂಡು. ನಾನು ಅಷ್ಟು ಹೊತ್ತೂ ಸೆಕೆಂಡು ಎಣಿಸುತ್ತ ಕೂತಿದ್ದೆ. ನನ್ನ ಕಣ್ಣು ತುಂಬಿ ಅಕ್ಷರಗಳು ಕಲಸಿಹೋದವು.

ಕರೆಯೋಣವೆಂದರೆ ಅವರು ಬೆನ್ನು ಮಾಡಿ ನಿಂತಿದ್ದರು. ರ‍್ಯಾಕು ಸುತ್ತಿ ಆ ಕಡೆಯಿಂದ ಹೋಗಿ ಎದುರಿಗೆ ನಿಂತೆ. ಅವರು ನನ್ನ ತುಟಿ ನೋಡಿದರು, ಮೊದಲ ದಿನ ನೋಡಿದ ಹಾಗೆಯೇ.

"ಹಾಗಾದ್ರೆ ಒಂದು ಬಲ್ಬು ಸಾಲಲ್ಲ," ಎಂದೆ.

ಅವರು ಮೂಲೆಯ ಮೆಷಿನ್ನಿನ ಕಡೆ ನೋಡಿ, ಮತ್ತೆ ನನ್ನ ತುಟಿ ನೋಡಿದರು.

"ಬಾಗಿಲಿಗೊಂದು ಬೇಕು. ಅಲಾರಾಂಗೊಂದು. ಕುಕ್ಕರಿನ ಸೀಟಿಗೆ ಹೇಗೆ ಕಟ್ಟೋದು ಅಂತ ಯೋಚನೆ ಮಾಡ್ಬೇಕು, ಅದು ಸ್ವಲ್ಪ ಕಷ್ಟ. ನಾನು ಕರೆಯೋಕೆ ಒಂದು, ಹಿಂದಿನ ಕೋಣೆಯಿಂದ ಸ್ವಿಚ್ ಒತ್ತಿದ್ರೆ ಹತ್ತೋ ಹಾಗೆ."

"ಜಗಳಕ್ಕೆ?" ಎಂದು ಕೇಳಿದರು.

"ಜಗಳಕ್ಕೆ ಬೇಡ. ಅದೊಂದು ಅನುಕೂಲ ನಿಮಗೇ ಇರಲಿ."

ಅವರು ನಕ್ಕರು. ನಗುತ್ತಲೇ ಕಣ್ಣಿಂದ ನೀರು ಇಳಿಯಿತು. ನಾನು ತುಟಿ ಸರಿಯಾಗಿ ಕಾಣುವ ಹಾಗೆ ನಿಧಾನವಾಗಿ, ಬಿಡಿಸಿ ಹೇಳಿದೆ. "ನನಗೆ ನೀವು ಬೇಕು. ಕೇಳಿಸಿದ್ರೂ ಅಷ್ಟೇ, ಕೇಳಿಸದಿದ್ರೂ ಅಷ್ಟೇ. ಮಂಗಳವಾರಾನೇ ಓದಿದ್ರೆ ಮಂಗಳವಾರಾನೇ ಓಡಿ ಬರ್ತಿದ್ದೆ."

"ಆದ್ರೂ ಬಂದಿದ್ದು ಶನಿವಾರ," ಎಂದರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಆದರೆ ಆ ಮಾತಿನಲ್ಲಿ ಈಗ ಬೇರೆ ಏನೋ ಇತ್ತು. ಫೈಲಿನ ಮೇಲಿಂದ ನೋಡಿದಾಗ ಕಾಣುತ್ತಿದ್ದ ಕಣ್ಣು ಮರಳಿ ಬಂದಿತ್ತು. ಮೇಜಿನ ಹತ್ತಿರ ಹೋಗಿ ಒಂದು ಉದ್ದನೆಯ ಪುಸ್ತಕ ತೆರೆದರು. ಅದು ಗೇಟಿನ ಪುಸ್ತಕ. ಪ್ರತಿ ಶನಿವಾರ ಬೆಳಿಗ್ಗೆ ಅದು ರೆಕಾರ್ಡ್ ರೂಮಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಗುರುವಾರದ ಪುಟ. ಮೂರು ನಲವತ್ತು. ನನ್ನ ಹೆಸರು, ನಾಲ್ಕನೇ ಕ್ಲಾಸಿಗೆ ಪಾಸಾದ ಅಕ್ಷರದಲ್ಲಿ. ಮುಂದಿನದು ಖಾಲಿ.

"ಬೆಳಿಗ್ಗೆಯಿಂದ ಇದನ್ನೇ ನೋಡ್ತಾ ಕೂತಿದ್ದೆ," ಎಂದರು. "ಬಂದರಂತೆ, ಕಾರಣ ಬರೆಯಲಿಲ್ಲವಂತೆ, ಹೋದರಂತೆ. ಕಾಗದ ಓದಿಯೂ ಗೇಟಿಂದಲೇ ವಾಪಸು ಹೋದ್ರು ಅಂದ್ಕೊಂಡೆ. ಅದು ಇನ್ನೂ ನೋವಾಯ್ತು."

"ಬರೆಯೋಕೆ ಕಾರಣ ಇರಲಿಲ್ಲ."

"ಅದನ್ನೇ ನಾನು ಕೇಳಿದ್ದು," ಎಂದರು. "ಶನಿವಾರಕ್ಕೆ ಮುಂಚೆ, ನೆಪ ಇಲ್ಲದೆ. ಓದದೆ ಇದ್ರೂ ಸರಿಯಾಗಿಯೇ ಬಂದಿದ್ದೀರಿ."

ಅಲ್ಲಿ ಕೆಲಸಕ್ಕೆ ಸೇರಿದ ಹದಿನಾಲ್ಕು ವರ್ಷದಲ್ಲಿ ಒಂದು ದಾಖಲೆಯ ಮೇಲೂ ತಮ್ಮ ಪೆನ್ನು ತಾಗಿಸದವರು ಅವತ್ತು ಪೆನ್ನಿನ ಮುಚ್ಚಳ ತೆಗೆದು, ಖಾಲಿ ಜಾಗದಲ್ಲಿ "ಸ್ವಂತ ಕೆಲಸ" ಎಂದು ಬರೆದು ಪುಸ್ತಕ ಮುಚ್ಚಿದರು.

ಲೈನು ಕತ್ತರಿಸಲು ಟೆಲಿಫೋನಿನವರು ಐದಕ್ಕೆ ಬರುವವರಿದ್ದರು. ಇನ್ನೂ ಹೊತ್ತಿತ್ತು. ನಾನು ಚೀಲದಿಂದ ಪರೀಕ್ಷಾ ಪುಟ ತೆಗೆದೆ. ಏನು ಬರೆಯಲಿ ಎಂದು ಯೋಚಿಸುವಷ್ಟರಲ್ಲಿ ಅವರು ಪುಟವನ್ನು ನನ್ನ ಕೈಯಿಂದ ಕಸಿದುಕೊಂಡರು.

"ಇದು ನಿಮ್ಮಕ್ಕನಿಗೆ. ನಿಮ್ಮ ಅಕ್ಷರದಲ್ಲಿ ಬೇಡ."

ಗೆರೆ, ಚೌಕಗಳ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದರು: "ಅಕ್ಕ, ನಾನು ಒಪ್ಪಿದ್ದೇನೆ. ಇದನ್ನು ದಯವಿಟ್ಟು ಓದಿ. ಲ್ಯಾಮಿನೇಷನ್ ಮಾಡಬೇಡಿ."

ಪುಟ ನಿಧಾನವಾಗಿ ಮೆಷಿನ್ನಿನೊಳಗೆ ಹೋಯಿತು. ಮೂವತ್ತೊಂದು ಸೆಕೆಂಡು, ನಾನು ಎಣಿಸಿದೆ. ಆಮೇಲೆ ಇಬ್ಬರೂ ಸ್ಟೂಲಿನ ಎದುರು ಅಕ್ಕನ ಉತ್ತರಕ್ಕೆ ಕಾಯುತ್ತ ನಿಂತೆವು. ಅವರು ತಮ್ಮ ಬಲಗೈಯನ್ನು ನನ್ನ ಎಡಗೈಯೊಳಗೆ ಇಟ್ಟರು. ಅಂಗಡಿಯಲ್ಲಿ ಅಕ್ಕ ಆ ಹಾಳೆಯನ್ನು ಎತ್ತಿಕೊಂಡಿರುತ್ತಾಳೆ. ಮೊದಲು ಅಂಚು ನೋಡಿರುತ್ತಾಳೆ. ಆಮೇಲೆ, ಇಷ್ಟು ವರ್ಷದಲ್ಲಿ ಮೊದಲ ಸಲ, ಅಕ್ಷರ ನೋಡಿರುತ್ತಾಳೆ.

ಎರಡು ನಿಮಿಷವೂ ಆಗಿರಲಿಲ್ಲ, ಕೆಂಪು ಬಲ್ಬು ಹತ್ತಿತು. ಗಂಟೆ ಬಾರಿಸಿತೋ ಇಲ್ಲವೋ, ನನಗೂ ಕೇಳಿಸಲಿಲ್ಲ. ಇಬ್ಬರೂ ಬಲ್ಬನ್ನೇ ನೋಡುತ್ತಿದ್ದೆವು.